ಪರದೆ ಕಪ್ಪಾಯಿತೆಂದು ಲ್ಯಾಪ್‌ಟಾಪ್ ಎಸೆಯಬೇಡಿ!

ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಮ್ಮನೆಯ ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಒಗ್ಗೋದಿಲ್ಲ. "ಗುಜರಿಗೆ ಹಾಕು" ಅಂದರು ನಮ್ಮೆಜಮಾನರು. ಚೆನ್ನಾಗಿರೋ ವಸ್ತು ಎಸೆಯೋಕೆ ಮನಸ್ಸು ಬರಬೇಕಲ್ಲ? ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಅಂತ ಪೆನ್‌ಡ್ರೈವ್ ಹಿಡಿದು ಕೂತೆ.

ಲೋಗೋ ಬಂತು, ಮೆನು ಬಂತು, ಎಂಟರ್ ಒತ್ತಿದೆ. ಅಷ್ಟೇ, ಪರದೆ ಅಮಾವಾಸ್ಯೆ! ಫ್ಯಾನ್ ಮಾತ್ರ ಗುರ್ ಅನ್ನುತ್ತಿತ್ತು. "ಇದ್ದದ್ದನ್ನೂ ಹಾಳು ಮಾಡಿದೆ" ಅನ್ನೋ ಮಾತು ಕೇಳಿದ್ದಾಯ್ತು. ರಿಪೇರಿ ಅಂಗಡಿಯವರು ಎರಡು ನಿಮಿಷ ನೋಡಿ, "ಡಿಸ್‌ಪ್ಲೇ ಹೋಗಿದೆ ಮೇಡಂ, ಹೊಸದು ಹಾಕ್ಬೇಕು" ಅಂದುಬಿಟ್ಟರು.

ಅಲ್ಲಾ, ಡಿಸ್‌ಪ್ಲೇ ಹೋಗಿದ್ದರೆ ಲೋಗೋ, ಮೆನು ಹೇಗೆ ಕಾಣಿಸಿತು? ಈ ಅನುಮಾನವೇ ನನ್ನ ದುಡ್ಡು ಉಳಿಸಿತು.

ಪರದೆಗೆ ಚಿತ್ರ ಕಳಿಸುವುದು ಒಳಗಿರುವ ಗ್ರಾಫಿಕ್ಸ್ ಚಿಪ್. ಅದನ್ನು ನಡೆಸಲು 'ಡ್ರೈವರ್' ಎಂಬ ತಂತ್ರಾಂಶ ಬೇಕು. ಕೆಲವು ಚಿಪ್ ತಯಾರಕರು ತಮ್ಮ ಚಿಪ್‌ನ ಒಳಗುಟ್ಟನ್ನು ಬಹಳ ವರ್ಷ ಬಿಟ್ಟುಕೊಡಲಿಲ್ಲ. ಹಾಗಾಗಿ ಲಿನಕ್ಸ್ ಮಂದಿ ತಾವೇ ಕಷ್ಟಪಟ್ಟು ಬರೆದ ಡ್ರೈವರ್ ಕೆಲವು ಯಂತ್ರಗಳಿಗೆ ಹೊಂದುವುದಿಲ್ಲ. ಆಗಲೇ ಈ ಕತ್ತಲೆ.

ಮಾಡಬೇಕಾದ್ದು ಇಷ್ಟು. ಉಬುಂಟು ಆದರೆ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್', ಮಿಂಟ್ ಆದರೆ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ. ಅದಿಲ್ಲದಿದ್ದರೆ ಮೆನು ಕಂಡಾಗ 'ಇ' ಕೀಲಿ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನಲ್ಲಿ 'ಕ್ವಯಟ್ ಸ್ಪ್ಲ್ಯಾಶ್' ಪದಗಳ ಮುಂದೆ ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ (ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ). ಎಫ್10 ಒತ್ತಿ. ಚಿತ್ರ ಸ್ವಲ್ಪ ದಪ್ಪದಪ್ಪ ಕಂಡೀತು, ಗಾಬರಿ ಬೇಡ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಇನ್‌ಸ್ಟಾಲ್ ಆದ ಮೇಲೆ ಮತ್ತೆ ಕಪ್ಪಾದರೆ ಇನ್ನೊಮ್ಮೆ ಹೀಗೇ ಮಾಡಿ ಒಳಹೊಕ್ಕು, ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ಅಥವಾ ಮಿಂಟ್‌ನ 'ಡ್ರೈವರ್ ಮ್ಯಾನೇಜರ್'ನಲ್ಲಿ ಸೂಚಿಸಿದ ಡ್ರೈವರ್ ಹಾಕಿಕೊಳ್ಳಿ.

ಲೋಗೋನೂ ಕಾಣದಿದ್ದರೆ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂಬದಿ ಬೆಳಕಿನ ತೊಂದರೆ. ಆಗ ಅಂಗಡಿಗೆ ಹೋಗಿ.

ಎರಡು ಎಚ್ಚರಿಕೆ. ಮೊದಲು ಫೋಟೋ, ಕಾಗದಪತ್ರ ಬೇರೆ ಕಡೆ ಉಳಿಸಿಕೊಳ್ಳಿ. ನಮ್ಮಜ್ಜಿಯ ಕೊನೆಯ ಫೋಟೋಗಳು ಅದರಲ್ಲೇ ಇದ್ದವು. ಪುಣ್ಯಕ್ಕೆ ಮುಂಚೆಯೇ ನಕಲು ಮಾಡಿದ್ದೆ. ಇನ್ನೊಂದು, ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ಪರೀಕ್ಷಿಸಿ.

ಲಿನಕ್ಸ್ ಪುಕ್ಕಟೆ, ಸುಲಭ ಅಂತ ಹೊಗಳುವವರು ಈ ಕತ್ತಲೆಯ ವಿಷಯವನ್ನೂ ಮೊದಲೇ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ನಮಗೂ ಒಂದು ಮಾತು. ಕುಕ್ಕರ್ ವಿಷಲ್ ಕೂಗದಿದ್ದರೆ ನಾವು ಮೊದಲು ಗ್ಯಾಸ್ಕೆಟ್ ನೋಡ್ತೀವಿ, ಕುಕ್ಕರ್ ಎಸೆಯಲ್ಲ. ಲ್ಯಾಪ್‌ಟಾಪ್ ಅಂದ ಕೂಡಲೇ ಗಂಡ, ಮಗನ ಮುಖ ಯಾಕೆ ನೋಡಬೇಕು?

ಈಗ ಅದೇ ಲ್ಯಾಪ್‌ಟಾಪ್‌ನಲ್ಲಿ ಮಗಳು ಪಾಠ ಓದ್ತಾಳೆ. ಈ ಲೇಖನವನ್ನೂ ಅದರಲ್ಲೇ ಟೈಪ್ ಮಾಡಿದ್ದು!