ಪ್ರತಿಮೆಯ ತೂಕ, ಶಿಲ್ಪಿಯ ಹೆಸರು

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಘನಫಲದ ಪಾಠವಿತ್ತು. ಪೀಠಿಕೆಗೆಂದು ಬೆಂಗಳೂರು ವಿಮಾನ ನಿಲ್ದಾಣದ ಕೆಂಪೇಗೌಡರ ಪ್ರತಿಮೆಯ ಚಿತ್ರ ಒಯ್ದಿದ್ದೆ. ಎತ್ತರ 108 ಅಡಿ, ಅಂದರೆ 5.4 ಅಡಿಯ ಮನುಷ್ಯನ 20 ಪಟ್ಟು. ‘ಹಾಗಾದರೆ ಘನಫಲ ಎಷ್ಟು ಪಟ್ಟು?’ ಎಂದು ಕೇಳಿದೆ. ‘ಇಪ್ಪತ್ತು’ ಎಂದಿತು ಇಡೀ ತರಗತಿ. ನನಗೆ ಬೇಕಾಗಿದ್ದೂ ಆ ತಪ್ಪು ಉತ್ತರವೇ.

ಉದ್ದ, ಅಗಲ, ಎತ್ತರ ಮೂರೂ 20 ಪಟ್ಟಾದರೆ ಘನಫಲ 8000 ಪಟ್ಟಾಗುತ್ತದೆ. 60 ಲೀಟರಿನಷ್ಟಿರುವ ದೇಹ 480 ಘನ ಮೀಟರ್ ಆಗುತ್ತದೆ. ಅಷ್ಟನ್ನೂ ಗಟ್ಟಿ ಕಂಚಿನಲ್ಲಿ ಎರಕ ಹೊಯ್ದರೆ ತೂಕ ನಾಲ್ಕು ಸಾವಿರ ಟನ್ ದಾಟುತ್ತದೆ. ಆದರೆ ಬಳಸಿದ್ದು 98 ಟನ್ ಕಂಚು, 120 ಟನ್ ಉಕ್ಕು. ಉಳಿದದ್ದು ಎಲ್ಲಿ ಹೋಯಿತು?

ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗ ಎದ್ದ. ‘ಒಳಗೆ ಪೊಳ್ಳು ಸಾರ್. ಕಬ್ಬಿಣದ ಕಟ್ಟು ನಿಲ್ಲಿಸಿ ಮೇಲೆ ಹೊದಿಸಿರ್ತಾರೆ. ನಮ್ಮಪ್ಪ ಸೆಂಟ್ರಿಂಗ್ ಕೆಲಸ ಮಾಡ್ತಾರೆ, ನಾನು ನೋಡಿದೀನಿ.’ ಮೇಲ್ಮೈ 400 ಪಟ್ಟಷ್ಟೇ ಹೆಚ್ಚುತ್ತದೆ ಎಂಬುದನ್ನು ಹಿಡಿದು ಹೊದಿಕೆಯ ದಪ್ಪವನ್ನೂ ಅಂದಾಜು ಮಾಡಿದೆವು. ಒಂದೂವರೆ ಸೆಂಟಿಮೀಟರ್ ಆಸುಪಾಸು ಬಂತು (ಖಡ್ಗ, ಉಡುಪಿನ ಮಡಿಕೆಗಳನ್ನು ಲೆಕ್ಕಕ್ಕೆ ಹಿಡಿಯದೆ).

ಆಮೇಲೆ ಅವನೇ ಕೇಳಿದ: ‘ಇದನ್ನ ಮಾಡಿದ್ದು ಯಾರು ಸಾರ್?’

ನನಗೆ ಗೊತ್ತಿರಲಿಲ್ಲ. 2022ರ ನವೆಂಬರ್ 11ರಂದು ಅನಾವರಣವಾಯಿತು ಎಂಬುದು ನನ್ನ ಟಿಪ್ಪಣಿಯಲ್ಲಿತ್ತು. ಮಾಡಿದವರ ಹೆಸರು ಇರಲಿಲ್ಲ.

ಮರುದಿನ ಹತ್ತು ನಿಮಿಷ ರಾಮ್ ಸುತಾರರ ಬಗ್ಗೆ ಹೇಳಿದೆ. 1925ರಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೋಂದೂರಿನಲ್ಲಿ ಬಡಗಿಯ ಮಗನಾಗಿ ಹುಟ್ಟಿದವರು. ಮರಾಠಿಯಲ್ಲಿ ಸುತಾರ್ ಎಂದರೆ ಬಡಗಿಯೇ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. 1950ರ ದಶಕದಲ್ಲಿ ಪುರಾತತ್ವ ಇಲಾಖೆಯಲ್ಲಿದ್ದು ಅಜಂತಾ, ಎಲ್ಲೋರಾಗಳ ಹಳೆಯ ಶಿಲ್ಪಗಳನ್ನು ದುರಸ್ತಿ ಮಾಡಿದರು. ಗಾಂಧಿಸಾಗರ ಅಣೆಕಟ್ಟಿನ ಬಳಿ ಅವರ 45 ಅಡಿಯ ಚಂಬಲ್ ತಾಯಿ ಇದ್ದಾಳೆ. ಅವಳ ಇಬ್ಬರು ಮಕ್ಕಳು ಮಧ್ಯಪ್ರದೇಶ ಮತ್ತು ರಾಜಸ್ಥಾನ. ನೀರು ಹಂಚಿಕೊಳ್ಳುವ ಎರಡು ರಾಜ್ಯಗಳನ್ನು ಒಬ್ಬ ತಾಯಿಯ ಮಕ್ಕಳಾಗಿಸಿದ ಆ ಕೃತಿಯೇ, ಗುಜರಾತಿನ 182 ಮೀಟರ್ ಏಕತಾ ಪ್ರತಿಮೆಗಿಂತ ನನಗೆ ಹೆಚ್ಚು ಇಷ್ಟ. ಕೆಂಪೇಗೌಡರ ಪ್ರತಿಮೆ ಅನಾವರಣವಾದಾಗ ಸುತಾರರಿಗೆ 97 ವರ್ಷ. ಇದನ್ನು ಕೇಳಿ ಮಕ್ಕಳು ನಂಬಲಿಲ್ಲ. ಕರಿಹಲಗೆಯ ಮೇಲೆ ಕಳೆದು ತೋರಿಸಬೇಕಾಯಿತು.

ವೀಕ್ಷಣಾ ನಮೂನೆಯಲ್ಲಿ ಬಂದ ಷರಾ: ‘ವಿಷಯಾಂತರ. ಸಮಯ ಪಾಲನೆ ಸಾಲದು.’ ಎರಡನೆಯದು ಸರಿ, ಅಭ್ಯಾಸದ ಎರಡು ಲೆಕ್ಕ ಉಳಿದವು. ಮೊದಲನೆಯದನ್ನು ಗೌರವದಿಂದಲೇ ಒಪ್ಪಲಾರೆ. ಕಲೆಯನ್ನು ಕಲಿಕೆಯೊಳಗೆ ತನ್ನಿ ಎಂದು ನಮಗೆ ಹೇಳಿಕೊಡುತ್ತಾರೆ. ನಾವು ಚಾರ್ಟಿಗೆ ಬಣ್ಣ ಹಚ್ಚಿ ತರುತ್ತೇವೆ. ಪ್ರತಿಮೆಯನ್ನು ಉದಾಹರಣೆಯಾಗಿ ಬಳಸಬಹುದು, ಅದನ್ನು ನಿಲ್ಲಿಸಿದ ಕೈ ಮಾತ್ರ ಪಠ್ಯದ ಹೊರಗೆ ಎನ್ನುವುದಾದರೆ, ಸೆಂಟ್ರಿಂಗ್ ಕೆಲಸದವರ ಮಗನಿಗೆ ಗಣಿತದಲ್ಲಿ ತನ್ನ ಮನೆ ಕಾಣುವುದು ಯಾವಾಗ? ಪಾಠಯೋಜನೆಯಲ್ಲಿ ಅದಕ್ಕೊಂದು ಕಾಲಂ ಬೇಡ. ಕಾಲಂ ಮಾಡಿದರೆ ಅದನ್ನೂ ನಾವು ನಕಲು ಮಾಡಿ ತುಂಬುತ್ತೇವೆ. ಐದು ನಿಮಿಷದ ಸಲುಗೆ ಸಾಕು.

ಮುಂದಿನ ಪಾಠ ಶಂಕುವಿನದು. ಗೋಡೆಯ ನೇರ ನೋಡುವ ಅಪ್ಪನ ಗುಂಡು ತರುತ್ತೇನೆ ಎಂದಿದ್ದಾನೆ ಆ ಹುಡುಗ.