ಲೆನ್ಸ್ ಹುಡ್‌ಗೂ ಒಂದು ಲಾಕ್ ಬೇಡವೇ?

ಮದುವೆ ಫೋಟೊ ತೆಗೆಯುವ ನಮಗೆ ಲೆನ್ಸ್ ಹುಡ್ ಅಲಂಕಾರವಲ್ಲ. ಧಾರೆ ಮಂಟಪದ ಪಕ್ಕದಲ್ಲೇ ವಿಡಿಯೊದವರ ಎಲ್‌ಇಡಿ ಲೈಟು ಉರಿಯುತ್ತಿರುತ್ತದೆ. ಆ ಬೆಳಕು ಓರೆಯಾಗಿ ಗಾಜಿಗೆ ಬಿದ್ದರೆ ವಧುವಿನ ಮುಖ ಮಂಜು ಕವಿದಂತೆ ಮಸುಕಾಗುತ್ತದೆ. ಅದನ್ನು ತಡೆಯಬೇಕಾದ ಹುಡ್ಡೇ ಯಾರದೋ ಮೊಣಕೈ ತಗುಲಿ ಉದುರಿ, ಅಕ್ಷತೆಯ ನಡುವೆ ಬಿದ್ದಿರುತ್ತದೆ.

ಕಾರಣ ಸಣ್ಣದು. ತಿರುಗಿಸಿ ಕೂರಿಸುವ ಹುಡ್‌ನ ಒಳಅಂಚಿನಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಉಬ್ಬುಗಳಿರುತ್ತವೆ. ಹಾಕಿ, ತೆಗೆದು, ಬ್ಯಾಗಿಗೆಂದು ಉಲ್ಟಾ ಸಿಕ್ಕಿಸಿ ಅವು ಸವೆಯುತ್ತವೆ. ನನ್ನ ಮದ್ದು ಇಷ್ಟೇ: ಅಂಚನ್ನು ಚೆನ್ನಾಗಿ ಒರೆಸಿ, ತೆಳು ಟೇಪಿನ ಚೂರು ಅಂಟಿಸಿ, ಬಿಗಿ ಬಂತೇ ಎಂದು ನೋಡುವುದು. ಎಸಳಿನಾಕಾರದ ಹುಡ್ ವಾರೆಯಾಗಿ ಕೂತರೆ ವೈಡ್ ಲೆನ್ಸಿನಲ್ಲಿ ಚಿತ್ರದ ಮೂಲೆ ಕಪ್ಪಾಗುತ್ತದೆ, ಅದನ್ನೂ ಗಮನಿಸಬೇಕು. ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ; ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಬಿಡುತ್ತದೆ.

ಅಷ್ಟಕ್ಕೂ ಇದು ನಾವು ಮಾಡಬೇಕಾದ ಕೆಲಸವೇ? ದುಬಾರಿ ಲೆನ್ಸುಗಳ ಹುಡ್ಡಿಗೆ ಎಷ್ಟೋ ಸಲ ಲಾಕ್ ಬಟನ್ ಇರುತ್ತದೆ. ಅಗ್ಗದ ಕೆಲವಕ್ಕೆ ಹುಡ್ಡನ್ನೇ ಬೇರೆ ಕೊಳ್ಳಬೇಕು! ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಆ ಹಕ್ಕು ನಮಗೂ ದಕ್ಕುವಂತೆ ಕ್ಯಾಮೆರಾ ಕಂಪನಿಗಳು ಎಲ್ಲ ಲೆನ್ಸಿಗೂ ಲಾಕ್ ಇರುವ ಹುಡ್ ಕೊಡಲಿ, ಸವೆದದ್ದಕ್ಕೆ ಬದಲಿಯನ್ನು ನ್ಯಾಯವಾದ ಬೆಲೆಗೆ ಮಾರಲಿ.