ಜನ ಹೆಚ್ಚಾದುದರಿಂದ ಬಡತನವೇ?

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಬಡತನದ ಮಾತು ಬಂದಾಗಲೆಲ್ಲ 'ಮಂದಿ ಬೆಳೆದರು, ಭೂಮಿ ಬೆಳೆಯಲಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೇಳುವವರಿಗೆ ಗೊತ್ತಿರಲಿ ಬಿಡಲಿ, ಇದು 1798ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಮಾಲ್ಥಸ್ ಹೂಡಿದ ವಾದ: ತಡೆಯಿಲ್ಲದಿದ್ದರೆ ಜನಸಂಖ್ಯೆ ಎರಡು, ನಾಲ್ಕು, ಎಂಟೆಂದು ಇಮ್ಮಡಿಸುತ್ತ ಹೋದರೆ ಆಹಾರ ಒಂದು, ಎರಡು, ಮೂರೆಂದು ಕೂಡುತ್ತ ಮಾತ್ರ ಹೋಗುತ್ತದೆ, ಕೊನೆಗೆ ಹಸಿವು ರೋಗಗಳೇ ಲೆಕ್ಕ ಸರಿದೂಗಿಸುತ್ತವೆ. ಈ ಸೀಮೆಯ ಮಟ್ಟಿಗಂತೂ ಈ ವಾದ ನಿಲ್ಲುವುದಿಲ್ಲ.

2011ರ ಜನಗಣತಿಯಂತೆ ಬೀದರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 313 ಜನರಿದ್ದರು. ರಾಜ್ಯದ ಸರಾಸರಿ 319. ದಕ್ಷಿಣ ಕನ್ನಡದಲ್ಲಿ ಅದು 400ನ್ನು ಮೀರಿತ್ತು, ಯಾದಗಿರಿಯಲ್ಲಿ 230ನ್ನೂ ಮುಟ್ಟಿರಲಿಲ್ಲ. ಜನದಟ್ಟಣೆಯೇ ಬಡತನದ ತಾಯಿಯಾಗಿದ್ದರೆ ಮಂಗಳೂರು ಕಡುಬಡವಾಗಿ ಯಾದಗಿರಿ ಸಿರಿವಂತವಾಗಬೇಕಿತ್ತು. ಕರಾವಳಿಗೆ ಮಳೆಯಿದೆ, ಬಂದರಿದೆ ಎಂಬುದು ನಿಜ. ಆದರೆ ಅಲ್ಲಿ 1906ರಷ್ಟು ಹಿಂದೆಯೇ ಕೆನರಾ ಬ್ಯಾಂಕ್ ಹುಟ್ಟಿತ್ತು ಎಂಬುದೂ ಅಷ್ಟೇ ನಿಜ. ಕಲ್ಯಾಣದ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ಹುಟ್ಟುವಳಿಯ ಪಾಲನ್ನು ಜಾಗೀರುದಾರನಿಗೂ ಬಡ್ಡಿಯನ್ನು ಸಾಹುಕಾರನಿಗೂ ತೆರುತ್ತಿತ್ತು. ಪ್ರಾದೇಶಿಕ ಅಸಮತೋಲನವನ್ನು ಅಳೆದ 2002ರ ನಂಜುಂಡಪ್ಪ ಸಮಿತಿಯ ವರದಿ ಗುರುತಿಸಿದ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಬೀದರ್ ಸೇರಿದ ಕಲಬುರಗಿ ವಿಭಾಗದಲ್ಲೇ ಇದ್ದುದಕ್ಕೆ ಕಾರಣವನ್ನು ತೊಟ್ಟಿಲಲ್ಲಿ ಹುಡುಕುವುದು ವ್ಯರ್ಥ. ಹುಮನಾಬಾದಿನ ಮೂಲಕ ಹಾಯುವ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣವಾಗಿ ತೆರೆದದ್ದೇ 2017ರಲ್ಲಿ.

ಮಾಲ್ಥಸ್ ಪಕ್ಷದ ಒಂದು ಮಾತನ್ನು ಮಾತ್ರ ಗೌರವದಿಂದ ಕೇಳಬೇಕು. ಎಂಟು ಎಕರೆಯ ಮಳೆಯಾಶ್ರಿತ ಹೊಲ ನಾಲ್ವರು ಮಕ್ಕಳಲ್ಲಿ ಹಂಚಿಹೋದರೆ ತಲಾ ಎರಡೆಕರೆ. ತೊಗರಿ, ಉದ್ದು, ಸೋಯಾ ಬೆಳೆಯುವ ಅಷ್ಟು ನೆಲದಿಂದ ಸಂಸಾರ ಸಾಗದು. ಇದಕ್ಕೆ ಅರ್ಥಶಾಸ್ತ್ರಜ್ಞೆ ಎಸ್ತರ್ ಬೊಸೆರಪ್ 1965ರಲ್ಲಿ ಕೊಟ್ಟ ಉತ್ತರವೆಂದರೆ, ಜನರ ಒತ್ತಡವೇ ರೈತನನ್ನು ಹೊಸ ಬೇಸಾಯಕ್ಕೆ, ಎರಡನೆಯ ಬೆಳೆಗೆ ತಳ್ಳುತ್ತದೆ. ಆದರೆ ಎರಡನೆಯ ಬೆಳೆಗೆ ನೀರು ಬೇಕು, ಸಾಲ ಬೇಕು. ಅವಿಲ್ಲದಲ್ಲಿ ಒತ್ತಡ ರೈತನನ್ನು ತಳ್ಳುವುದು ಹೈದರಾಬಾದ್, ಪುಣೆಗಳ ಕಟ್ಟಡ ಕೆಲಸಕ್ಕೆ. ಕಾರ್ಲ್ ಮಾರ್ಕ್ಸ್ 'ಮೀಸಲು ಸೇನೆ' ಎಂದದ್ದು ಇಂಥವರನ್ನೇ, ಅಂದರೆ ಬಂಡವಾಳಕ್ಕೆ ಬೇಕಾದಾಗ ಕರೆದು ಬೇಡವಾದಾಗ ಕಳಿಸಬಹುದಾದ, ಕೂಲಿಯನ್ನು ಏರಗೊಡದ ದುಡಿಯುವ ಜನರನ್ನು. ಅವರು ಹೆಚ್ಚಾಗಿರುವುದು ಅನ್ನದ ಲೆಕ್ಕಕ್ಕಲ್ಲ, ಲಾಭದ ಲೆಕ್ಕಕ್ಕೆ. ಅನ್ನದ ಲೆಕ್ಕವನ್ನು ಅಮರ್ತ್ಯ ಸೇನ್ 1981ರಲ್ಲೇ ತೀರಿಸಿದರು: 1943ರ ಬಂಗಾಳದ ಕ್ಷಾಮದಲ್ಲಿ ಜನ ಸತ್ತದ್ದು ಧಾನ್ಯ ಅಷ್ಟೊಂದು ಕಡಿಮೆಯಾಗಿದ್ದರಿಂದಲ್ಲ, ಅದನ್ನು ಕೊಳ್ಳುವ ಶಕ್ತಿ ಕೂಲಿಯವರಿಗೆ ತಪ್ಪಿದ್ದರಿಂದ.

ತಿಳಿವಳಿಕೆಯಿಲ್ಲದ್ದರಿಂದಲೇ ಬಡವರು ಹೆಚ್ಚು ಹೆರುತ್ತಾರೆ ಎನ್ನುವವರಿಗೆ ಇಷ್ಟು ಸಾಕು: ಕೂಸು ಉಳಿಯುವ ಭರವಸೆಯಿಲ್ಲದ ಮನೆಯಲ್ಲಿ ಮಕ್ಕಳೇ ಪಿಂಚಣಿ.

ಈಗಂತೂ ಗಾಳಿ ತಿರುಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ, ಅಂದರೆ ಹೆಣ್ಣೊಬ್ಬಳು ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ, 1.7ಕ್ಕೆ ಇಳಿದಿತ್ತು, ತಲೆಮಾರು ತನ್ನನ್ನು ತಾನೇ ತುಂಬಿಕೊಳ್ಳಲು 2.1 ಬೇಕು. 2024ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯೇ ಹೆಚ್ಚು ಮಕ್ಕಳನ್ನು ಹೆರಿರೆಂದು ಕರೆಕೊಟ್ಟರು. ತೊಟ್ಟಿಲುಗಳು ಕಡಿಮೆಯಾದವು, ಹುಮನಾಬಾದಿನಿಂದ ಹೈದರಾಬಾದಿಗೆ ಕೂಲಿ ಅರಸಿ ಹೋಗುವುದು ಮಾತ್ರ ನಿಂತಿಲ್ಲ.